ಥೀಫ್ ಪಾತ್ರಕ್ಕೆ ಯುದ್ಧದಲ್ಲಿ ಇರುವ ಕೆಲಸವೇನು? ಹಳೆಯ ನಿಯಮಗಳಲ್ಲಿ ಮತ್ತು ಇಂದಿನ ನಿಯಮಗಳಲ್ಲಿ

ದಾಳಗಾರ_ಮೈಸೂರು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ಮನೆಯಲ್ಲಿಯೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಕಥೆಯಾಟವನ್ನು ಆಡಿಸುತ್ತಿದ್ದೇನೆ. ಇಷ್ಟು ದಿನ ಆಡಿಸಿದ್ದು 2014ರ ಐದನೇ ಆವೃತ್ತಿಯನ್ನು ಮಾತ್ರ. ಈಗ ಎರಡು ತಿಂಗಳಿಂದ, ಈ ಆಟ ಹಿಂದೆ ಹೇಗಿತ್ತು ಎಂದು ತಿಳಿಯುವ ಆಸೆಯಿಂದ, 1978ರಲ್ಲಿ ಆಟಗಾರರ ಕೈಪಿಡಿ ಬಂದ ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೊದಲ ಆವೃತ್ತಿಯನ್ನು ಆಡಿಸುತ್ತಿದ್ದೇನೆ. ನನ್ನ ಚಿಕ್ಕಪ್ಪನ ಮಗಳು ಹಿಂದಿನ ಆಟದಲ್ಲಿ ರೋಗ್ ಎಂಬ ಕಳ್ಳನಂಥ ಪಾತ್ರ ಆಡಿ ಬಹಳ ಸಂತೋಷಪಟ್ಟಿದ್ದಳು. ಅದೇ ಭರವಸೆಯಿಂದ ಇಲ್ಲಿಯೂ ಅದರ ಹಳೆಯ ರೂಪವಾದ ಥೀಫ್ (ಕಳ್ಳ) ಪಾತ್ರವನ್ನೇ ಆರಿಸಿಕೊಂಡಳು.

ಹೋದ ಶನಿವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಪಾಳುಬಿದ್ದ ಕೋಟೆಯ ನೆಲಮಾಳಿಗೆಯಲ್ಲಿ ಓರ್ಕ್ ಎಂಬ ರಾಕ್ಷಸ ಜಾತಿಯ ಇಬ್ಬರು ಕಾವಲುಗಾರರು ಬೆಂಕಿಯ ಮುಂದೆ ಕುಳಿತಿದ್ದರು. ಆಕೆ ಉಳಿದವರನ್ನು ತಿರುವಿನಲ್ಲಿ ನಿಲ್ಲಿಸಿ, ಪಂಜನ್ನು ಅವರ ಕೈಗೆ ಕೊಟ್ಟು, ಗೋಡೆಯ ನೆರಳು ಹಿಡಿದು ಒಬ್ಬಳೇ ಮುಂದೆ ಹೋದಳು. ಮೊದಲನೆಯ ಹಂತದ ಥೀಫ್‌ಗೆ ಸದ್ದಿಲ್ಲದೆ ನಡೆಯುವ ಸಾಧ್ಯತೆ ಶೇಕಡ 15, ನೆರಳಿನಲ್ಲಿ ಅಡಗುವ ಸಾಧ್ಯತೆ ಶೇಕಡ 10. ನೂರರ ದಾಳದಲ್ಲಿ ಅಷ್ಟಕ್ಕಿಂತ ಹೆಚ್ಚು ಬಿದ್ದರೆ ಸೋಲು. ಬಿದ್ದದ್ದು 62. ಒಬ್ಬ ಓರ್ಕ್ ತಿರುಗಿ ನೋಡಿದ. ಅವಳಿಗಿದ್ದದ್ದು ನಾಲ್ಕು ಹಿಟ್ ಪಾಯಿಂಟ್ (ಜೀವಬಲದ ಅಂಕ), ಅವನು ಹೊಡೆದದ್ದು ಆರು. ಪಾತ್ರ ಅಲ್ಲೇ ನೆಲಕ್ಕೆ ಬಿತ್ತು. ಅವಳು ಪಾತ್ರದ ಹಾಳೆಯನ್ನು ಮಡಚಿಟ್ಟು, "ಹಿಂದಿನಿಂದ ಹೊಡೆಯೋದೇ ನಿನ್ನ ವಿದ್ಯೆ ಅಂತ ಪುಸ್ತಕ ಹೇಳುತ್ತೆ, ಹತ್ತಿರ ಹೋಗೋಕೂ ನಿನ್ನಿಂದ ಆಗಲ್ಲ ಅಂತ ಅದೇ ಪುಸ್ತಕ ಹೇಳುತ್ತೆ. ಹಾಗಾದ್ರೆ ನಾನು ಏನು ಮಾಡ್ಬೇಕಿತ್ತಣ್ಣ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ಥೀಫ್ ಯುದ್ಧ ಮಾಡಬೇಕೆಂಬ ಉದ್ದೇಶ ಹಳೆಯ ನಿಯಮಗಳಿಗೆ ಇತ್ತೇ? ಇದ್ದರೆ ಅದು ಯಾವ ಬಗೆಯ ಯುದ್ಧ? ಇಂದಿನ ರೋಗ್ ಪ್ರತಿ ಸುತ್ತಿನಲ್ಲೂ ಸ್ನೀಕ್ ಅಟ್ಯಾಕ್ (ಹೆಚ್ಚು ಹಾನಿ ಮಾಡುವ ಹೊಂಚಿನ ಪೆಟ್ಟು) ಮಾಡುವಂತೆ ಆದದ್ದು ಯಾವಾಗ, ಯಾಕೆ? ಐದನೇ ಆವೃತ್ತಿಯ ಸ್ನೀಕ್ ಅಟ್ಯಾಕ್ ಅನ್ನು ಹಾಗೆಯೇ ತಂದು ಹಳೆಯ ಥೀಫ್‌ಗೆ ಕೊಟ್ಟರೆ ಆಟ ಕೆಡುತ್ತದೆಯೇ?

ಹಳೇಪೆಟ್ಟಿಗೆ

1974ರ ಮೂಲ ಆಟದಲ್ಲಿ ಥೀಫ್ ಇರಲೇ ಇಲ್ಲ. ಫೈಟಿಂಗ್ ಮ್ಯಾನ್ (ಯೋಧ), ಮ್ಯಾಜಿಕ್ ಯೂಸರ್ (ಮಾಂತ್ರಿಕ), ಕ್ಲೆರಿಕ್ (ಅರ್ಚಕ) ಎಂಬ ಮೂರೇ ವರ್ಗಗಳಿದ್ದವು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಆಟಗಾರರು ತಮ್ಮ ಆಟಕ್ಕೆಂದು ಮಾಡಿಕೊಂಡಿದ್ದ ಕಳ್ಳನ ಕಲ್ಪನೆಯನ್ನು ಆಟದ ಕರ್ತೃಗಳಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬೆಳೆಸಿದರು. ಅದು 1975ರಲ್ಲಿ ಗ್ರೇಹಾಕ್ ಎಂಬ ಪುರವಣಿಯಲ್ಲಿ ಆಟದೊಳಕ್ಕೆ ಬಂತು. ಅಲ್ಲಿ ಅವನಿಗೆ ಹಿಟ್ ಪಾಯಿಂಟ್‌ಗಾಗಿ ಸಿಕ್ಕಿದ್ದು ನಾಲ್ಕು ಮುಖದ ದಾಳ, ಮೈಗೆ ಚರ್ಮದ ಕವಚ ಮಾತ್ರ, ಗುರಾಣಿ ಇಲ್ಲ. ಆದರೆ ಹಿಂದಿನಿಂದ ಸದ್ದಿಲ್ಲದೆ ಹೊಡೆದರೆ ತಾಗುವುದನ್ನು ನಿರ್ಧರಿಸುವ ದಾಳಕ್ಕೆ ನಾಲ್ಕು ಹೆಚ್ಚು, ಪೆಟ್ಟು ಎರಡು ಪಟ್ಟು. ನಾಲ್ಕು ನಾಲ್ಕು ಹಂತ ಏರಿದಂತೆ ಈ ಪಟ್ಟು ಒಂದೊಂದಾಗಿ ಏರುತ್ತದೆ. ನೀವು ಆಡುತ್ತಿರುವ ಆವೃತ್ತಿ ಅವನ ದಾಳವನ್ನು ಆರು ಮುಖಕ್ಕೆ ಏರಿಸಿತು, ಹದಿಮೂರನೇ ಹಂತಕ್ಕೆ ಪೆಟ್ಟನ್ನು ಐದು ಪಟ್ಟಿಗೆ ನಿಲ್ಲಿಸಿತು.

ಈಗ ನಿಮ್ಮ ಓರ್ಕ್‌ನ ಲೆಕ್ಕವನ್ನೇ ಮಾಡೋಣ. ಆ ಆವೃತ್ತಿಯ ಓರ್ಕ್‌ಗೆ ಎಂಟು ಮುಖದ ಒಂದು ದಾಳದಷ್ಟು ಹಿಟ್ ಪಾಯಿಂಟ್. ನಿಮ್ಮ ತಂಗಿಯ ಗಿಡ್ಡ ಕತ್ತಿಗೆ ಆರು ಮುಖದ ದಾಳ, ಹಿಂದಿನಿಂದ ಹೊಡೆದರೆ ಅದರ ಎರಡು ಪಟ್ಟು. ಪೆಟ್ಟು ತಾಗಿದ್ದೇ ಆದರೆ ನಾಲ್ಕರಲ್ಲಿ ಮೂರು ಸಲ ಓರ್ಕ್ ಸತ್ತು ಬೀಳುತ್ತಾನೆ. ವಿಶೇಷ ಬಲವಿಲ್ಲದ ಫೈಟರ್ ಎಂಟು ಮುಖದ ಉದ್ದ ಕತ್ತಿಯಿಂದ ಹೊಡೆದರೆ ಅದೇ ಸಾಧ್ಯತೆ ಶೇಕಡ 56ರಷ್ಟು. ಆ ಒಂದು ಪೆಟ್ಟಿನ ಮಟ್ಟಿಗೆ ಥೀಫ್ ಇಡೀ ತಂಡದ ಅತ್ಯಂತ ಅಪಾಯಕಾರಿ ವ್ಯಕ್ತಿ. ಎರಡನೆಯ ಸುತ್ತಿಗೆ ಮಾತ್ರ ಅವನು ಚರ್ಮದ ಅಂಗಿ ತೊಟ್ಟ, ನಾಲ್ಕು ಹಿಟ್ ಪಾಯಿಂಟ್‌ನ ಮನುಷ್ಯ. ಹೀಗಾಗಿ ಅವನು ಯುದ್ಧಕ್ಕೆ ಬೇಡವಾದವನಲ್ಲ, ಯುದ್ಧ ಶುರುವಾಗುವ ಹೊತ್ತಿಗೆ ತನ್ನ ಪಾಲಿನ ಯುದ್ಧವನ್ನು ಮುಗಿಸಿರಬೇಕಾದವನು.

ಇದು ಹೀಗಿರಲು ಕಾರಣ, ಪಾತ್ರವನ್ನು ಹಂತದಿಂದ ಹಂತಕ್ಕೆ ಏರಿಸುವ ಅನುಭವದ ಅಂಕಗಳ ಲೆಕ್ಕದಲ್ಲಿದೆ. ಹಳೆಯ ಆಟದಲ್ಲಿ ನೆಲಮಾಳಿಗೆಯಿಂದ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕ ಸಿಗುತ್ತಿತ್ತು. ಓರ್ಕ್ ಕೊಂದರೆ ಸಿಗುತ್ತಿದ್ದದ್ದು ಪುಡಿಗಾಸು. ಕಾದಾಡದೆ ನಿಧಿ ತಂದವರೇ ಚೆನ್ನಾಗಿ ಆಡಿದವರು. ಥೀಫ್ ಎರಡನೇ ಹಂತಕ್ಕೆ ಏರಲು 1,250 ದಾಟಿದರೆ ಸಾಕಿತ್ತು, ಫೈಟರ್ 2,000 ದಾಟಬೇಕಿತ್ತು. ಬೀಗ, ಬಲೆ, ಗೋಡೆ, ಕದ್ದು ಕೇಳುವ ಕಿವಿ, ಇವೇ ಅವನ ದುಡಿಮೆ. ಹೊಂಚು ಹಾಕಿ ಹೊಡೆಯುವುದು ಅದಕ್ಕೆ ಅಡ್ಡ ಬಂದವನನ್ನು ಸರಿಸುವ ಉಪಾಯ. ಆ ಕಾಲದ ಆಟಗಾರರು ಓದಿಕೊಂಡು ಬಂದ ಗ್ರೇ ಮೌಸರ್‌ನಂಥ ಕಥಾನಾಯಕ ಕಳ್ಳನೂ ಹೌದು, ಮೇಲಾದ ಕತ್ತಿವರಸೆಗಾರನೂ ಹೌದು. ಆದರೆ ಕತ್ತಿವರಸೆಯನ್ನು ಫೈಟರ್‌ಗೆ ಬಿಟ್ಟುಕೊಟ್ಟು, ಕಳ್ಳತನವನ್ನಷ್ಟೇ ಥೀಫ್‌ಗೆ ಕೊಡಲಾಯಿತು.

1989ರ ಎರಡನೇ ಆವೃತ್ತಿ ಇದನ್ನು ಇನ್ನೂ ಬಿಗಿ ಮಾಡಿತು. ಶತ್ರುವಿಗೆ ಬೆನ್ನು ಎಂಬುದು ಇರಬೇಕು, ಅವನಿಗೆ ಸುಳಿವು ಸಿಕ್ಕಿರಬಾರದು. ದೈತ್ಯನಾದರೆ ಥೀಫ್ ಕಟ್ಟೆಯ ಮೇಲೋ ಕಿಟಕಿಯ ಮುಂಚಾಚಿನ ಮೇಲೋ ನಿಂತಿರಬೇಕು, ಹಿಮ್ಮಡಿಗೆ ಚುಚ್ಚಿದರೆ ಅದಕ್ಕೆ ಆ ಬಲವಿಲ್ಲ. ನನಗೆ ಈ ದೈತ್ಯನ ಉದಾಹರಣೆ ಬಹಳ ಇಷ್ಟ, ಏಕೆಂದರೆ ದಾಳಕ್ಕಿಂತ ಮೊದಲು ಜಾಗವನ್ನು ನೋಡು ಎಂದು ಅದು ಕಲಿಸುತ್ತದೆ.

ನಿಮ್ಮ ಮೇಜಿಗೆ ನನ್ನ ಸಲಹೆ ಇಷ್ಟು. ಶೇಕಡ 15 ಎಂಬುದನ್ನು ಅವಳ ಏಕೈಕ ದಾರಿ ಎಂದು ಎಣಿಸಬೇಡಿ. ಆ ಆಟದಲ್ಲಿ ಯಾರೇ ಎಚ್ಚರಿಕೆಯಿಂದ ಹೋದರೂ ಎದುರಾಳಿ ಸಾಮಾನ್ಯವಾಗಿ ಆರರಲ್ಲಿ ಎರಡು ಸಲ ಬೆಚ್ಚಿಬೀಳುತ್ತಾನೆ. ಥೀಫ್‌ನ ವಿದ್ಯೆ ಅದರ ಮೇಲೆ ಸಿಗುವ ಹೆಚ್ಚುವರಿ ಅವಕಾಶ. ಮೊದಲು ಅವಳ ಶೇಕಡಾ ದಾಳ, ಅದು ತಪ್ಪಿದರೂ ಎಲ್ಲರಿಗೂ ಇರುವ ಆ ದಾಳ: ನಾನು ಹೀಗೆಯೇ ಆಡಿಸುತ್ತೇನೆ. ಕ್ಲೆರಿಕ್ ಮೂರನೇ ಹಂತಕ್ಕೆ ಬಂದಾಗ 15 ಅಡಿ ತ್ರಿಜ್ಯದ ಮೌನದ ಮಂತ್ರ ಕೈಗೆ ಸಿಗುತ್ತದೆ. ಅದನ್ನು ಥೀಫ್ ಒಯ್ಯುವ ವಸ್ತುವಿನ ಮೇಲೆ ಹಾಕಿ ನೋಡಿ.

ಎರಡುಕತ್ತಿ

ಮೇಲಿನವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಆ ವ್ಯವಸ್ಥೆಯಲ್ಲಿ ಆಟಗಾರನ ಪಾಡೇನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಒಂದು ಕಾಳಗ ಮುಕ್ಕಾಲು ಗಂಟೆ ನಡೆದರೆ, ಮೊದಲ ಪೆಟ್ಟು ಹೊಡೆದ, ಅಥವಾ ಹೊಡೆಯಲಾಗದೆ ಹೋದ, ಥೀಫ್‌ನ ಆಟಗಾರ ಉಳಿದಷ್ಟೂ ಹೊತ್ತು ಕವಣೆ ಬೀಸುತ್ತಾ ಕೂರಬೇಕಿತ್ತು. ನಿಮ್ಮ ತಂಗಿಯ ಪ್ರಶ್ನೆ ಹೊಸದಲ್ಲ, ನ್ಯಾಯವಾದದ್ದು.

ಅದಕ್ಕೆ ಉತ್ತರ ಬಂದದ್ದು 2000ದಲ್ಲಿ, ಮೂರನೇ ಆವೃತ್ತಿಯಲ್ಲಿ. ಥೀಫ್ ಎಂಬ ಹೆಸರು ಹೋಗಿ ರೋಗ್ ಬಂತು. ಹಿಂದಿನಿಂದ ಹೊಡೆಯುವ ಬ್ಯಾಕ್‌ಸ್ಟ್ಯಾಬ್ ಹೋಗಿ ಸ್ನೀಕ್ ಅಟ್ಯಾಕ್ ಬಂತು. ಪಟ್ಟು ಮಾಡುವ ಲೆಕ್ಕವನ್ನು ತೆಗೆದು ದಾಳ ಕೂಡಿಸುವ ಲೆಕ್ಕ ತಂದರು: ಮೊದಲ ಹಂತದಲ್ಲಿ ಆರು ಮುಖದ ಒಂದು ದಾಳ, ಆಮೇಲೆ ಪ್ರತಿ ಬೆಸ ಹಂತಕ್ಕೆ ಇನ್ನೊಂದು, ಹತ್ತೊಂಬತ್ತನೇ ಹಂತದಲ್ಲಿ ಹತ್ತು. ಎರಡನೇ ಆವೃತ್ತಿಯಲ್ಲಿ ಐದು ಪಟ್ಟು ಎಂದರೂ ಗುಣಿಸುತ್ತಿದ್ದದ್ದು ಆಯುಧದ ದಾಳವನ್ನು ಮಾತ್ರ, ತೋಳ್ಬಲವನ್ನೂ ಮಾಯೆಯ ಬಲವನ್ನೂ ಅಲ್ಲ. ಕಠಾರಿಯಾದರೆ ಸರಾಸರಿ 12.5. ಹತ್ತು ದಾಳದ ಸರಾಸರಿ 35.

ದಾಳಗಳ ಸಂಖ್ಯೆಗಿಂತ ದೊಡ್ಡ ಬದಲಾವಣೆ ಷರತ್ತಿನಲ್ಲಿ ಆಯಿತು. ಶತ್ರು ಮೈಮರೆತಿದ್ದರೆ ಸರಿಯೇ ಸರಿ. ಅಷ್ಟೇ ಅಲ್ಲ, ರೋಗ್ ಮತ್ತು ಅವನ ಗೆಳೆಯ ಶತ್ರುವಿನ ಎರಡು ಎದುರುಬದುರು ಬದಿಗಳಲ್ಲಿ ನಿಂತು ಅವನನ್ನು ನಡುವೆ ಸಿಕ್ಕಿಸಿದರೂ ಸಾಕು. ಇದನ್ನೇ ಫ್ಲ್ಯಾಂಕಿಂಗ್ ಎನ್ನುತ್ತೇವೆ. ಶತ್ರು ನಮ್ಮನ್ನು ಕಣ್ಣಾರೆ ನೋಡುತ್ತಿದ್ದರೂ ಪರವಾಗಿಲ್ಲ. ಇದರ ಜೊತೆಗೆ, ಸುತ್ತಿಗೆ ಒಂದು ಸಲ ಎಂಬ ಮಿತಿ ಆಗ ಇರಲಿಲ್ಲ, ತಾಗಿದ ಪ್ರತಿ ಪೆಟ್ಟಿಗೂ ದಾಳಗಳು ಸೇರುತ್ತಿದ್ದವು. ಎರಡೂ ಕೈಯಲ್ಲಿ ಗಿಡ್ಡ ಕತ್ತಿ ಹಿಡಿದ ಹತ್ತನೇ ಹಂತದ ರೋಗ್ ಸುತ್ತಿಗೆ ಮೂರು ನಾಲ್ಕು ಪೆಟ್ಟು ಹೊಡೆಯುತ್ತಿದ್ದ, ಒಂದೊಂದಕ್ಕೂ ಐದೈದು ದಾಳ. ಶತ್ರುಗಳ ಕಾಲ ಸಂದಿಯಲ್ಲಿ ಲಾಗ ಹಾಕಿ ಆಚೆ ಬದಿಗೆ ಹೋಗುವುದಕ್ಕೆಂದೇ ಟಂಬಲ್ ಎಂಬ ವಿದ್ಯೆ ಇತ್ತು. ಕಾರಣವೂ ಸ್ಪಷ್ಟ: ಈ ಆವೃತ್ತಿಯಲ್ಲಿ ಅಂಕ ಬರುತ್ತಿದ್ದದ್ದು ಚಿನ್ನದಿಂದ ಅಲ್ಲ, ಎದುರಿಸಿ ಗೆದ್ದ ಸವಾಲಿನಿಂದ. ಕಾಳಗವೇ ಆಟದ ನಡುಮನೆಗೆ ಬಂದ ಮೇಲೆ ಯಾರೂ ಹೊರಜಗಲಿಯಲ್ಲಿ ಕೂರಲಾಗದು.

ಕೊರತೆಯೂ ಇತ್ತು. ಆಗ ನಾನು ವಿದ್ಯಾರ್ಥಿ. ಪುಸ್ತಕ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿದ್ದ ನಿಯಮಗಳ ದಾಖಲೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸ್ಪೈರಲ್ ಹಾಕಿಸಿ, ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಆಡುತ್ತಿದ್ದೆವು. ನಮ್ಮ ಡಿಎಂ (ಆಟ ನಡೆಸುವವನು) ಒಂದು ಸೆಮಿಸ್ಟರ್ ಪೂರ್ತಿ ಸ್ಮಶಾನದ ಕಥೆ ಮಾಡಿದ. ಅಸ್ಥಿಪಂಜರ, ಪ್ರೇತ, ಮಣ್ಣಿನ ಬೊಂಬೆ, ಲೋಳೆಯಂಥ ಜೀವಿ, ಇವು ಯಾವುದಕ್ಕೂ ಆ ನಿಯಮದಲ್ಲಿ ಸ್ನೀಕ್ ಅಟ್ಯಾಕ್ ತಾಗುವುದಿಲ್ಲ, ಏಕೆಂದರೆ ಅವಕ್ಕೆ ಮರ್ಮಸ್ಥಾನವೇ ಇಲ್ಲ. ನಾನು ಎಣ್ಣೆ ಸೀಸೆ ಎಸೆಯುತ್ತಾ ಆ ಸೆಮಿಸ್ಟರ್ ಕಳೆದೆ. ಅದೇ ನಿಯಮಗಳಿಂದ ಬೆಳೆದ 2009ರ ಪಾತ್‌ಫೈಂಡರ್ ಎಂಬ ಆಟ ಈ ನಿಷೇಧವನ್ನು ಬಹುಮಟ್ಟಿಗೆ ಸಡಿಲಿಸಿ, ರೋಗ್‌ನ ಹಿಟ್ ಪಾಯಿಂಟ್ ದಾಳವನ್ನೂ ಎಂಟು ಮುಖಕ್ಕೆ ಏರಿಸಿದಾಗ ನನಗಾದ ನೆಮ್ಮದಿ ಇಂದಿಗೂ ನೆನಪಿದೆ.

2008ರ ನಾಲ್ಕನೇ ಆವೃತ್ತಿ ಮುಚ್ಚುಮರೆಯಿಲ್ಲದೆ ರೋಗ್‌ಗೆ ಸ್ಟ್ರೈಕರ್ ಎಂಬ ಪಟ್ಟವನ್ನೇ ಕಟ್ಟಿತು, ಅಂದರೆ ಒಬ್ಬ ಶತ್ರುವನ್ನು ಆರಿಸಿಕೊಂಡು ಬೇಗ ಮುಗಿಸುವುದೇ ಅವನ ಕೆಲಸ. ಸ್ನೀಕ್ ಅಟ್ಯಾಕ್ ಅನ್ನು ಸುತ್ತಿಗೆ ಒಂದು ಸಲಕ್ಕೆ ಇಳಿಸಿದರೂ ಮೊದಲ ಹಂತದಲ್ಲೇ ಎರಡು ದಾಳ ಕೊಟ್ಟಿತು. ಹಲವರು ಆ ಆವೃತ್ತಿಯನ್ನು ದೂರುತ್ತಾರೆ. ರೋಗ್ ಆಡುವವರಿಗೆ ಅದು ಮಾಡಿದ ಉಪಕಾರವನ್ನು ನಾನು ಮರೆಯಲಾರೆ.

ನೆರಳುನಡೆ

ನಾನು ಹತ್ತು ವರ್ಷದಿಂದ ಐದನೇ ಆವೃತ್ತಿಯ ರೋಗ್ ಆಡುತ್ತಿದ್ದೇನೆ, ಈಗ 2024ರ ಪರಿಷ್ಕೃತ ನಿಯಮಗಳಲ್ಲಿಯೂ. ಮೇಲಿನ ಇಬ್ಬರೂ ಹೇಳಿದ್ದನ್ನು ಕೂಡಿಸಿ ನೋಡಿದರೆ ಒಂದು ಎಳೆ ಕಾಣುತ್ತದೆ. ಮೊದಲು ಷರತ್ತು ಕಳ್ಳನ ಮೇಲೆಯೇ ಇತ್ತು, ಅವನು ಕಾಣದಂತೆ ಇರಬೇಕಿತ್ತು. ಆಮೇಲೆ ಗೆಳೆಯ ಎದುರು ಬದಿಯಲ್ಲಿ ನಿಲ್ಲಬೇಕಾಯಿತು. ಐದನೇ ಆವೃತ್ತಿಯಲ್ಲಿ ಎದುರು ಬದಿಯೂ ಬೇಡ, ಶತ್ರುವಿನಿಂದ ಐದು ಅಡಿಯೊಳಗೆ ನಮ್ಮವರೊಬ್ಬರು ಎಲ್ಲೇ ನಿಂತಿದ್ದರೂ ಸಾಕು, ರೋಗ್ ದೂರದಿಂದ ಬಾಣ ಬಿಟ್ಟರೂ ದಾಳಗಳು ಸೇರುತ್ತವೆ. ಬೆನ್ನಿಗೆ ಚೂರಿ ಹಾಕುವುದು ಎಂದರೆ ನಮ್ಮ ಮಾತಿನಲ್ಲಿ ನಂಬಿದವರಿಗೆ ಮಾಡುವ ದ್ರೋಹ. ಈ ಆಟದಲ್ಲಿ ಅದು ಐವತ್ತು ವರ್ಷಗಳಲ್ಲಿ ಜೊತೆಗಾರನನ್ನು ನಂಬಿ ಮಾಡುವ ಕೆಲಸವಾಗಿದೆ. ಒಂಟಿಯಾಗಿ ಕತ್ತಲಿಗೆ ಹೋಗುತ್ತಿದ್ದವನು ತಂಡದೊಳಗೆ ಬಂದ. ನನಗೆ ಇದು ನಷ್ಟವಾಗಿ ಕಾಣುವುದಿಲ್ಲ.

ಇಂದಿನ ರೋಗ್ ಎಲ್ಲರಿಗಿಂತ ಹೆಚ್ಚು ಹೊಡೆಯುತ್ತಾನೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಐದನೇ ಹಂತದಲ್ಲಿ ಗಿಡ್ಡ ಕತ್ತಿಯ ಒಂದು ದಾಳ, ಸ್ನೀಕ್ ಅಟ್ಯಾಕ್‌ನ ಮೂರು ದಾಳ, ಚುರುಕುತನದ ನಾಲ್ಕು ಸೇರಿ ಸರಾಸರಿ 18. ಅದೇ ಹಂತದ ಫೈಟರ್ ಎರಡು ಕೈಯ ದೊಡ್ಡ ಕತ್ತಿಯಿಂದ ಎರಡು ಸಲ ಹೊಡೆದರೆ 22. ಇಬ್ಬರಿಗೂ ತಾಗುವ ಸಾಧ್ಯತೆ ಶೇಕಡ 65 ಎಂದುಕೊಂಡು, ಕ್ರಿಟಿಕಲ್ (20 ಬಿದ್ದಾಗ ಸಿಗುವ ಹೆಚ್ಚಿನ ಪೆಟ್ಟು) ಬಿಟ್ಟು ಲೆಕ್ಕ ಹಾಕಿದರೆ ಫೈಟರ್‌ಗೆ 14.3, ರೋಗ್‌ಗೆ 11.7. ರೋಗ್ ಅಡಗಿ ಬಂದು ಎರಡು ದಾಳ ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವ ಅವಕಾಶ ಗಳಿಸಿದರೆ ಅದು 15.8ಕ್ಕೆ ಏರುತ್ತದೆ. ಹಾಗಾಗಿ ಹೊಂಚು ಹಾಕುವುದಕ್ಕೆ ಇಂದಿಗೂ ಬೆಲೆಯಿದೆ. ಅದು ತಪ್ಪಿದರೆ ಪ್ರಾಣ ಹೋಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಎರಡನೇ ಹಂತದಿಂದ ಕನಿಂಗ್ ಆಕ್ಷನ್ ಇದೆ. ಹೊಡೆದ ಮೇಲೆ ಅದೇ ಸರದಿಯಲ್ಲಿ ಓಡಬಹುದು, ಏಟು ತಿನ್ನದೆ ಹಿಂದೆ ಸರಿಯಬಹುದು, ಮತ್ತೆ ಅಡಗಬಹುದು. ರೋಗ್‌ನ ನಿಜವಾದ ಶಕ್ತಿ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ.

2024ರ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಐದನೇ ಹಂತದಿಂದ ಸ್ನೀಕ್ ಅಟ್ಯಾಕ್‌ನ ಒಂದು ದಾಳವನ್ನು ಬಿಟ್ಟುಕೊಟ್ಟರೆ ಶತ್ರುವಿಗೆ ವಿಷ ಏರಿಸಲು, ಅವನನ್ನು ಕೆಡವಲು ಯತ್ನಿಸಬಹುದು, ಇಲ್ಲವೇ ತಾನೇ ಸುರಕ್ಷಿತವಾಗಿ ಸರಿದುಕೊಳ್ಳಬಹುದು. ಹದಿನಾಲ್ಕನೇ ಹಂತದಲ್ಲಿ ಆರು ದಾಳ ಬಿಟ್ಟರೆ ಮೂರ್ಛೆ ಬೀಳಿಸಲು ಯತ್ನಿಸಬಹುದು. ಹೋದ ತಿಂಗಳು ನಾನು ಒಂದು ದಾಳವನ್ನು ಕೈಯಿಂದ ಪಕ್ಕಕ್ಕೆ ಇಟ್ಟು ಓಗರ್ ಎಂಬ ದೈತ್ಯನನ್ನು ಕೆಡವಿದೆ. ಅವನು ನೆಲದಲ್ಲಿ ಬಿದ್ದಿರುವಾಗ ನಮ್ಮ ಫೈಟರ್ ಮತ್ತು ಪ್ಯಾಲಡಿನ್ ಹೊಡೆದ ಹೊಡೆತ ನನ್ನ ಆ ಒಂದು ದಾಳಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಆ ದಿನ ನನ್ನ ಪಾಲಿನ ಗೆಲುವು ಪಕ್ಕಕ್ಕಿಟ್ಟ ಆ ದಾಳವೇ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ದಯವಿಟ್ಟು ಹಾಗೆಯೇ ತಂದು ಜೋಡಿಸಬೇಡಿ. 2014ರ ಓರ್ಕ್‌ಗೆ 15 ಹಿಟ್ ಪಾಯಿಂಟ್, ಓಗರ್‌ಗೆ 59. ನೀವು ಆಡಿಸುತ್ತಿರುವ ಆವೃತ್ತಿಯಲ್ಲಿ ಓರ್ಕ್‌ಗೆ ಸರಾಸರಿ ನಾಲ್ಕೂವರೆ, ಓಗರ್‌ಗೆ ಸುಮಾರು 19. ಸುತ್ತು ಸುತ್ತಿಗೂ ದಾಳ ಸೇರಿಸುವ ಪದ್ಧತಿಯನ್ನು ಹೊಸ ಪ್ರಾಣಿಗಳ ಆಯಸ್ಸಿಗೆ ತಕ್ಕಂತೆ ಅಳೆದು ಮಾಡಿದ್ದಾರೆ. ಹಳೆಯ ಆಟದಲ್ಲಿ ಅದನ್ನು ಬಿಟ್ಟರೆ ಎರಡೇ ವಾರದಲ್ಲಿ ಫೈಟರ್ ಆಡುವವರು ಹಾಳೆ ಮಡಚಿಡುತ್ತಾರೆ.

ದಾಳಗಾರ_ಮೈಸೂರು

ಮೂವರಿಗೂ ಮನಸಾರೆ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ತಂಗಿಗೆ ಓದಿ ಹೇಳಿದೆ. ಅವಳು ಹೊಸ ಥೀಫ್ ಮಾಡಿಕೊಂಡು ನಿನ್ನೆ ಮತ್ತೆ ಅದೇ ನೆಲಮಾಳಿಗೆಗೆ ಬಂದಳು. ಹಿಂದಿನ ಓರ್ಕ್‌ಗಳ ಬದಲಿಗೆ ಬೇರೆ ಇಬ್ಬರು ಓರ್ಕ್‌ಗಳು ಕಾವಲಿದ್ದರು.

ಅವಳು ಹಾಳೆಯನ್ನು ಬಹಳ ಹೊತ್ತು ನೋಡಿ, ನಮ್ಮಲ್ಲಿ ಯಾರೂ ಗಮನಿಸದಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು: ಗೋಡೆ ಹತ್ತುವುದು, ಶೇಕಡ 85. ಓರ್ಕ್‌ಗಳಿಂದ ದೂರದಲ್ಲಿ, ತಿರುವಿನ ಈಚೆಗಿದ್ದ ಕಮಾನಿನ ಮೇಲಿನ ಕಲ್ಲಿನ ಚಾಚಿಗೆ ಹತ್ತಿ ಕುಳಿತಳು. ದಾಳದಲ್ಲಿ 41 ಬಿತ್ತು. ಆಮೇಲೆ ಫೈಟರ್ ಮತ್ತು ಕ್ಲೆರಿಕ್ ಕಮಾನಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಗುರಾಣಿ ಬಡಿದರು. ಓರ್ಕ್‌ಗಳು ಪಂಜಿನ ಬೆಳಕನ್ನೇ ನೋಡುತ್ತಾ ಅವಳ ಕೆಳಗೆ ಹಾದುಹೋದರು. ಬೆಚ್ಚಿಬೀಳುವ ದಾಳದಲ್ಲಿ 2 ಬಿತ್ತು. ಅವಳು ಹಿಂದಿನವನ ಮೇಲೆ ಇಳಿದಳು. ಪೆಟ್ಟು ತಾಗಲು ಇಪ್ಪತ್ತು ಮುಖದ ದಾಳದಲ್ಲಿ ಅವಳಿಗೆ ಬೇಕಿದ್ದದ್ದು 15, ದಾಳದಲ್ಲಿ 12, ಹಿಂದಿನಿಂದ ಹೊಡೆದದ್ದಕ್ಕೆ ನಾಲ್ಕು ಸೇರಿ 16. ಕತ್ತಿಗೆ 5, ಅದರ ಎರಡು ಪಟ್ಟು 10. ಓರ್ಕ್ ಸತ್ತ. ಮೇಜಿನ ಸುತ್ತ ಕೂತವರೆಲ್ಲ ಎದ್ದು ನಿಂತಿದ್ದರು.

ಒಂದು ಸಂದೇಹ ಉಳಿಯಿತು. ಎರಡನೆಯ ಓರ್ಕ್ ತಿರುಗಿ ಅವಳನ್ನು ನೋಡಿದ, ಅಷ್ಟರಲ್ಲಿ ಫೈಟರ್ ಓಡಿಬಂದು ಅವನ ಮೇಲೆ ಬಿದ್ದ. ಓರ್ಕ್ ಫೈಟರ್‌ನತ್ತ ತಿರುಗಿದಾಗ ಅವನ ಬೆನ್ನು ಮತ್ತೆ ಅವಳಿಗೆ ಸಿಕ್ಕಿತು. ಅವಳು ಎರಡನೆಯ ಸಲ ಬ್ಯಾಕ್‌ಸ್ಟ್ಯಾಬ್ ಕೇಳಿದಳು. ನಾನು ಅಲ್ಲಿಗೆ ಆಟ ನಿಲ್ಲಿಸಿದ್ದೇನೆ. ಮುಂದಿನ ಶನಿವಾರ ಅಲ್ಲಿಂದಲೇ ಶುರು. ಕೊಡಲೇ?

ಎರಡುಕತ್ತಿ

ನನ್ನ ಆವೃತ್ತಿಯಲ್ಲಾದರೆ ಒಂದು ಕ್ಷಣವೂ ಯೋಚಿಸಬೇಕಿಲ್ಲ. ಒಂದು ಬದಿಗೆ ಫೈಟರ್, ಎದುರು ಬದಿಗೆ ಅವಳು, ನಡುವೆ ಓರ್ಕ್: ದಾಳ ಸೇರಿಸಿ.

ನೆರಳುನಡೆ

ಐದನೆಯದರಲ್ಲೂ ಸೇರುತ್ತದೆ, ಅವಳ ಮುಂದಿನ ಸರದಿಯಲ್ಲಿ. ಅದಕ್ಕೂ ಮೊದಲೇ ಓರ್ಕ್ ಅವಳ ಪಕ್ಕದಿಂದ ಓಡಲು ಹೊರಟರೆ, ಅವನ ಸರದಿಯಲ್ಲೇ ಹೊಡೆದು ಮತ್ತೊಮ್ಮೆ ಸೇರಿಸಿಕೊಳ್ಳಬಹುದು.

ಹಳೇಪೆಟ್ಟಿಗೆ

ನೀವು ಆಡುತ್ತಿರುವ ಆವೃತ್ತಿಯಲ್ಲಿ ನಾನು ಕೊಡುವುದಿಲ್ಲ. ಬೆನ್ನು ಸಿಕ್ಕಿದ್ದು ನಿಜ, ಆದರೆ ಅವಳು ಹಿಂದೆ ಇದ್ದಾಳೆಂದು ಓರ್ಕ್‌ಗೆ ಗೊತ್ತು. ಗೊತ್ತಿರುವವನು ಅದನ್ನು ತಪ್ಪಿಸಿಕೊಳ್ಳುತ್ತಾನೆ. ಹಿಂದಿನಿಂದ ಹೊಡೆಯುವ ಸಾಮಾನ್ಯ ಅನುಕೂಲವನ್ನು ಯಾರಿಗಾದರೂ ಕೊಡುವಂತೆ ಅವಳಿಗೂ ಕೊಡಿ, ಎರಡು ಪಟ್ಟು ಬೇಡ. ಅವಳು ಫೈಟರ್‌ನನ್ನು ಎದುರಿಗೆ ಬಿಟ್ಟು ಕತ್ತಲ ಓಣಿಯೊಳಗೆ ಸರಿದು ಕಣ್ಮರೆಯಾಗಿ, ಓರ್ಕ್ ಅವಳು ಓಡಿಹೋದಳೆಂದೇ ನಂಬುವಂತೆ ಮಾಡಿ, ಒಂದೆರಡು ಸುತ್ತು ಬಿಟ್ಟು ಮತ್ತೆ ಬಂದರೆ ಆಗ ಶೇಕಡಾ ದಾಳವನ್ನು ಅವಳ ಕೈಗೆ ಕೊಡುತ್ತೇನೆ. ಅಷ್ಟು ಹೊತ್ತು ಫೈಟರ್ ತಡೆದು ನಿಲ್ಲುತ್ತಾನೆಯೇ ಎಂಬುದನ್ನು ಅವಳು ಅವನನ್ನೇ ಕೇಳಿಕೊಳ್ಳಲಿ.